ಬೆನ್ನಿಗೊಂದು ಕೈ

ಆತ್ಮೀಯ ಕೇಳುಗರೇ,

ನಮ್ಮೂರು ಕೊಪ್ಪ. ಮಲೆನಾಡಿನ ಕೊಪ್ಪ ಅಲ್ಲ, ಮದ್ದೂರು ಕಡೆಯ ಕೊಪ್ಪವೂ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದಾಚೆ ಕೊಡಗು. ಈಚೆಗೆ ಬೈಲಕುಪ್ಪೆ, ಟಿಬೆಟನ್ನರ ಊರುಗಳು, ಜೋಳದ ಹೊಲ, ಹೊಗೆಸೊಪ್ಪಿನ ಹೊಲ. ಮೈಸೂರಿಗೆ ಸುಮಾರು 80 ಕಿಲೋಮೀಟರ್. ಪಿರಿಯಾಪಟ್ಟಣ, ಹುಣಸೂರು, ಬಿಳಿಕೆರೆ, ಇಲವಾಲ ಎಂದು ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಪರಿಚಯದ ದಾರಿ. ಆದರೆ ಒಂದು ಆಗಸ್ಟ್ ತಿಂಗಳಲ್ಲಿ, ಬೈಪಾಸ್ ಆಪರೇಷನ್ ಆದ ಒಂಬತ್ತನೆಯ ದಿನ ಅಪ್ಪನನ್ನು ಇದೇ ದಾರಿಯಲ್ಲಿ ಕಾರಿನಲ್ಲಿ ಕರೆತರುವಾಗ, ರಸ್ತೆಯ ಒಂದೊಂದು ಹಂಪೂ ನನ್ನ ಎದೆಯ ಮೇಲೇ ಹಾದುಹೋದ ಹಾಗೆ ಅನಿಸಿತ್ತು.

ಮನೆ ಮುಂದೆ ಇಪ್ಪತ್ತು ಜನ ಕಾದಿದ್ದರು. ನೆಂಟರು, ನೆರೆಯವರು, ಅಪ್ಪನ ಜೊತೆ ಸೊಪ್ಪು ಮಾರಲು ಹರಾಜಿಗೆ ಹೋಗುತ್ತಿದ್ದ ಗೆಳೆಯರು. ಒಬ್ಬರ ಕೈಯಲ್ಲಿ ನಾಟಿಕೋಳಿ ಸಾರಿನ ಪಾತ್ರೆ. ಕಾರು ನಿಂತದ್ದೇ ತಡ, ಚಿಕ್ಕಪ್ಪ ಓಡಿಬಂದರು. ಅಣ್ಣನನ್ನು ಜೀವಂತ ನೋಡಿದ ಸಂತೋಷಕ್ಕೆ ಅವರ ಕಣ್ಣಲ್ಲಿ ನೀರಿತ್ತು. ಅಪ್ಪನ ಎರಡೂ ರಟ್ಟೆ ಹಿಡಿದು ಒಂದೇ ಸಲ ಮೇಲೆತ್ತಿದರು. ಅಪ್ಪ ಕಿರುಚಿದ ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅದೃಷ್ಟಕ್ಕೆ ಅಂದು ಏನೂ ಕೆಡಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕಪ್ಪನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ರಟ್ಟೆ ಹಿಡಿದು ಎಳೆಯಬಾರದು ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದ್ದು ಅವರೊಬ್ಬರಿಗೇ ಅಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲೇ ಇದ್ದ ನನಗೂ ಗೊತ್ತಿರಲಿಲ್ಲ. ಇವತ್ತು ನಾನು ಮಾತಾಡಲು ಬಂದಿರುವುದು ಆ ಗೊತ್ತಿಲ್ಲದಿರುವಿಕೆಯ ಬಗ್ಗೆ.

ಬೈಪಾಸ್ ಎಂದರೇನು ಎಂದು ಎರಡು ಮಾತು ಹೇಳಿಬಿಡುತ್ತೇನೆ. ಒಳಗೆ ಏನಾಗಿದೆ ಎಂದು ತಿಳಿದವರ ಕೈ ತಾನಾಗಿಯೇ ಮೆತ್ತಗಾಗುತ್ತದೆ. ನಮ್ಮ ಕಡೆಯವರಿಗೆ ಹಾರಂಗಿ ನಾಲೆ ಗೊತ್ತು. ನಾಲೆಯಲ್ಲಿ ಒಂದು ಕಡೆ ಹೂಳು ತುಂಬಿ ನೀರು ಮುಂದೆ ಹೋಗದಿದ್ದರೆ, ಪಕ್ಕದಲ್ಲೊಂದು ಕಾಲುವೆ ತೋಡಿ ಆಚೆಗೆ ನೀರು ಸೇರಿಸುತ್ತೇವೆ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಾಗ ವೈದ್ಯರು ಮಾಡುವುದೂ ಅದನ್ನೇ. ಕಾಲಿನಿಂದ ಒಂದು ರಕ್ತನಾಳ ತೆಗೆದು, ಇಲ್ಲವೇ ಎದೆಯೊಳಗಿನದೇ ಒಂದು ನಾಳವನ್ನು ತಿರುಗಿಸಿ, ಅಡ್ಡಿಯ ಆಚೆಗೆ ಜೋಡಿಸುತ್ತಾರೆ. ಆದರೆ ಹೃದಯವನ್ನು ತಲುಪಬೇಕಾದರೆ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಬೇಕು. ಕೆಲಸ ಮುಗಿದ ಮೇಲೆ ಆ ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದು ಕೂಡಿಸುತ್ತಾರೆ. ಮೇಲಿನ ಚರ್ಮ ಎರಡು ವಾರದಲ್ಲಿ ಮಾಯಬಹುದು. ಮೂಳೆ ಕೂಡಲು ಆರರಿಂದ ಎಂಟು ವಾರವಾದರೂ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳೂ ಹಿಡಿಯಬಹುದು. ರಟ್ಟೆ ಹಿಡಿದು ಎಳೆದಾಗ ಆ ಎಳೆತವೆಲ್ಲ ಬಂದು ಬೀಳುವುದು ಇನ್ನೂ ಕೂಡಿಕೊಳ್ಳದ ಆ ಮೂಳೆಯ ಮೇಲೆ. ಎತ್ತಬೇಕಾದರೆ ಬೆನ್ನಿಗೆ ಕೈ ಕೊಟ್ಟು ಎತ್ತಬೇಕು. ಮಲಗಿದವರು ಏಳಬೇಕಾದರೆ ಮೊದಲು ಮೊಣಕಾಲು ಮಡಚಿ, ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಆಮೇಲೆ ಏಳಬೇಕು. ಇಷ್ಟೇ. ಹೇಳಿಕೊಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ನಮಗೆ ಸಿಕ್ಕಿರಲಿಲ್ಲ.

ಕಾಲಿನ ನಾಳವನ್ನು ಹೃದಯಕ್ಕೆ ಜೋಡಿಸುವ ಈ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಢಿಗೆ ತಂದವರು ರೆನೆ ಫವಾಲೊರೊ ಎಂಬ ವೈದ್ಯರು. ಅವರು ಅರ್ಜೆಂಟೀನಾ ದೇಶದವರು. ಆಪರೇಷನ್ನಿಗಿಂತ ಅವರ ಹಿಂದಿನ ಬದುಕು ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಕ್ಲೀವ್‌ಲ್ಯಾಂಡಿಗೆ ಹೋಗುವ ಮೊದಲು ಹನ್ನೆರಡು ವರ್ಷ ಅವರು ಹಾಸಿಂಟೊ ಅರೌಸ್ ಎಂಬ ಒಂದು ಸಣ್ಣ ಊರಿನಲ್ಲಿ ಹಳ್ಳಿ ಡಾಕ್ಟರಾಗಿದ್ದರು. ತಮ್ಮನೂ ಡಾಕ್ಟರು, ಅವರೂ ಅಲ್ಲಿಗೇ ಬಂದು ಸೇರಿಕೊಂಡರು. ಊರಿನಲ್ಲಿ ರಕ್ತನಿಧಿ ಇರಲಿಲ್ಲ. ಜನರ ರಕ್ತದ ಗುಂಪನ್ನು ಮೊದಲೇ ತಿಳಿದಿಟ್ಟುಕೊಂಡು, ಬೇಕಾದಾಗ ಅವರನ್ನೇ ಕರೆದು ರಕ್ತ ಪಡೆಯುತ್ತಿದ್ದರು. ಶಾಲೆಯ ಮೇಷ್ಟರಿಗೆ, ಸೂಲಗಿತ್ತಿಯರಿಗೆ ಶುಚಿತ್ವದ ಪಾಠ ಹೇಳುತ್ತಿದ್ದರು. ಆ ಊರಿನಲ್ಲಿ ಎಳೆಮಕ್ಕಳ ಸಾವು ಕಡಿಮೆಯಾಯಿತು. ಬೈಪಾಸ್ ಲೋಕಕ್ಕೆ ಬಂದದ್ದು, ಊರಿನವರಿಗೆ ಕಲಿಸುವುದೂ ಚಿಕಿತ್ಸೆಯ ಭಾಗ ಎಂದು ನಂಬಿದ್ದ ಒಬ್ಬ ವೈದ್ಯರ ಕೈಯಿಂದ. 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ನಮ್ಮ ದೇಶದ ಮೊದಲ ಬೈಪಾಸ್ ಮಾಡಿದರು. ಆಪರೇಷನ್ ಅಲ್ಲಿಂದ ಇಲ್ಲಿಗೆ ಬಂತು. ಅದರ ಜೊತೆ ಆ ಪಾಠವೂ ಬರಬೇಕಾಗಿತ್ತು.

ಬಂದದ್ದೂ ಉಂಟು, ಅದೂ ನಮ್ಮ ಮೈಸೂರಿಗೇ. ದಕ್ಷಿಣ ಕನ್ನಡದ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಸಂಸ್ಥೆ 2013ರ ಹೊತ್ತಿಗೆ ಮೈಸೂರಿನಲ್ಲಿ 300 ಹಾಸಿಗೆಗಳ, ಕಡಿಮೆ ವೆಚ್ಚದ ಒಂದು ಆಸ್ಪತ್ರೆ ಕಟ್ಟಿತು. ಆಪರೇಷನ್ ಕೊಠಡಿ, ತೀವ್ರ ನಿಗಾ ಘಟಕಗಳಿಗೆ ಬಿಟ್ಟರೆ ಬೇರೆ ಕಡೆ ಎ.ಸಿ. ಬೇಡ ಎಂದರು, ಗಾಳಿ ಬೆಳಕು ಸಾಕೆಂದರು. ಆ ಆಸ್ಪತ್ರೆಯಲ್ಲಿ ಇನ್ನೊಂದು ಹೊಸತು ಮಾಡಿದರು. ರೋಗಿಯ ಜೊತೆ ಬಂದ ಮನೆಯವರಿಗೆ ನಾಲ್ಕು ಗಂಟೆಯ ಶುಶ್ರೂಷೆ ಪಾಠ ಇಟ್ಟರು. ಬ್ಯಾಂಡೇಜ್ ಬದಲಿಸುವಂಥ ಸರಳ ಕೆಲಸಗಳನ್ನು ಮನೆಯವರೇ ಕಲಿತು ಮಾಡಲಿ ಎಂದು. ಅದೇ ಕಾಲಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಈ ಸಂಸ್ಥೆಯೊಡನೆ ಕೆಲಸ ಮಾಡಲು ಬಂದರು. ವಾರ್ಡಿನ ಹೊರಗೆ ದಿನಗಟ್ಟಲೆ ಕಾದು ಕೂತ ನಮ್ಮಂಥ ಮನೆಯವರನ್ನು ಕಂಡರು. ಇಷ್ಟು ಕಾಳಜಿ ಇರುವ ಇಷ್ಟು ಜನ ಸುಮ್ಮನೆ ಕೂತಿದ್ದಾರಲ್ಲ, ಇವರಿಗೇ ಕಲಿಸಿದರೆ ಹೇಗೆ ಎಂದು ಯೋಚಿಸಿದರು. ಅದರಿಂದ ಹುಟ್ಟಿದ್ದು ನೂರಾ ಹೆಲ್ತ್ ಎಂಬ ಸಂಸ್ಥೆ. ಮನೆಯವರಿಗೆ ಕಲಿಸಿದ ಮೇಲೆ ಹೃದಯದ ಆಪರೇಷನ್ನಿನ ನಂತರದ ತೊಡಕುಗಳು ನೂರಕ್ಕೆ 71ರಷ್ಟು ಇಳಿದವು ಎಂದು ಆ ಸಂಸ್ಥೆ ಹೇಳುತ್ತದೆ. ಮುಂದೆ ಆ ಪಾಠ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂತು.

ಅಪ್ಪನಿಗೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಅಂಥ ಪಾಠ ಇರಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು, ಆ ಕೈಗಳಿಗೆ ನಮ್ಮ ಮನೆ ಎಂದೆಂದಿಗೂ ಋಣಿ. ಬಿಡುಗಡೆಯ ದಿನ ಒಂದು ಫೈಲು ಕೊಟ್ಟರು, ಎಲ್ಲ ಇಂಗ್ಲಿಷಿನಲ್ಲಿತ್ತು. ‘ಏನಾದರೂ ಕೇಳುವುದಿದೆಯಾ?’ ಎಂದು ಡಾಕ್ಟರು ಕೇಳಿಯೂ ಕೇಳಿದರು. ನಾವು ಕೈ ಮುಗಿದು, ‘ಏನಿಲ್ಲ ಸ್ವಾಮಿ, ನೀವೇ ದೇವರು’ ಎಂದು ಹೊರಟುಬಂದೆವು. ನಾನು ಮಕ್ಕಳಿಗೆ ದಿನವೂ ‘ಗೊತ್ತಾಗದಿದ್ದರೆ ಕೇಳಿ’ ಎಂದು ಹೇಳುವ ಶಾಲಾ ಶಿಕ್ಷಕಿ. ಅಂದು ನಾನೇ ಕೇಳಲಿಲ್ಲ.

ಅದರ ಫಲ ಮೊದಲ ವಾರದಲ್ಲೇ ಕಂಡಿತು. ಹಳೆಯ ಮಾತ್ರೆಯೂ ಮನೆಯಲ್ಲಿತ್ತು, ಹೊಸ ಮಾತ್ರೆಯೂ ಬಂತು. ಹೆಸರು ಬೇರೆ ಬೇರೆ, ಒಳಗಿನ ಔಷಧ ಒಂದೇ. ಅವ್ವ ಎರಡನ್ನೂ ಕೊಟ್ಟಿದ್ದಳು. ಅಪ್ಪ ನಡುಮನೆಯಲ್ಲಿ ತಲೆ ಸುತ್ತಿ ಕುಸಿದು ಕೂತರು. ಕುಶಾಲನಗರಕ್ಕೆ ಓಡಿದೆವು, ರಕ್ತದೊತ್ತಡ ತುಂಬಾ ಇಳಿದಿತ್ತು. ಆ ಸಂಜೆ ನಾನು ಇನ್ನೂರು ಪುಟದ ಒಂದು ಗೆರೆಪುಸ್ತಕ ತೆಗೆದು ಮನೆಯವರನ್ನೆಲ್ಲ ಕೂರಿಸಿಕೊಂಡೆ. ಯಾರ ಮನಸ್ಸಿನಲ್ಲಿ ಯಾವ ಪ್ರಶ್ನೆ ಇದೆಯೋ ಹೇಳಿ ಎಂದೆ. ಅವ್ವನದು, ತಮ್ಮನದು, ತಮ್ಮನ ಹೆಂಡತಿಯದು, ಚಿಕ್ಕಪ್ಪನದು, ಅಪ್ಪನದು ಎಲ್ಲ ಸೇರಿ ಹದಿನೇಳು ಪ್ರಶ್ನೆಯಾದವು. ತಪಾಸಣೆಗೆ ಮತ್ತೆ ಮೈಸೂರಿಗೆ ಹೋದಾಗ ಆ ಪುಸ್ತಕ ಒಯ್ದೆ. ಡಾಕ್ಟರು ಕೆಲವಕ್ಕೆ ಉತ್ತರ ಹೇಳಿ, ಒಬ್ಬ ಹಿರಿಯ ಸಿಸ್ಟರ್ ಹತ್ತಿರ ಕಳಿಸಿದರು. ಆ ತಾಯಿ ಅರ್ಧ ಗಂಟೆ ಬೆಂಚಿನ ಮೇಲೆ ನಮ್ಮ ಪಕ್ಕ ಕೂತು, ಒಂದೊಂದಕ್ಕೂ ಉತ್ತರ ಹೇಳಿದರು, ಕೈಯಲ್ಲಿ ಮಾಡಿಯೂ ತೋರಿಸಿದರು. ಕೇಳಿದ ಮೇಲೆ ಹೇಳದವರು ಕಡಿಮೆ ಎಂದು ಅಂದು ನನಗೆ ಅರಿವಾಯಿತು.

ಆ ಪುಸ್ತಕದಿಂದ ಕೆಲವನ್ನು ನಿಮಗೆ ಹೇಳುತ್ತೇನೆ.

ಮೊದಲನೆಯದು ಉಸಿರು. ಆಸ್ಪತ್ರೆಯಲ್ಲಿ ಮೂರು ಚೆಂಡಿನ ಒಂದು ಸಣ್ಣ ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ. ಅಪ್ಪ ಅದನ್ನು ಊದುತ್ತಿದ್ದರು. ಊದುವುದಲ್ಲ, ಉಸಿರು ಒಳಗೆ ಎಳೆದು ಚೆಂಡು ಏರಿಸಬೇಕು. ಆಪರೇಷನ್ ಆದ ಮೇಲೆ ನೋವಿಗೆ ಹೆದರಿ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಶ್ವಾಸಕೋಶದ ತಳದಲ್ಲಿ ಕಫ ನಿಂತು ಜ್ವರಕ್ಕೆ ದಾರಿಯಾಗುತ್ತದೆ. ಕೆಮ್ಮು ಬಂದಾಗ ಒಂದು ದಿಂಬನ್ನು ಎದೆಗೆ ಅಪ್ಪಿ ಹಿಡಿದು ಕೆಮ್ಮಬೇಕು. ದಿಂಬು ಮೂಳೆಗೆ ಆಸರೆ. ಅಪ್ಪ ಕಾರಿನಲ್ಲೂ ಅದನ್ನು ಅಪ್ಪಿಕೊಂಡೇ ಬಂದಿದ್ದರು, ಏಕೆಂದು ಮಾತ್ರ ನಮಗೆ ತಿಳಿದಿರಲಿಲ್ಲ.

ಎರಡನೆಯದು ಭಾರ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಹುಲ್ಲಿನ ಹೊರೆ, ಅಳುತ್ತಾ ಬಂದ ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಬೈಕು, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಮೊಮ್ಮಗುವನ್ನು ಅಪ್ಪನ ಪಕ್ಕದಲ್ಲಿ ಕೂರಿಸುತ್ತಿದ್ದೆವು, ತೊಡೆಗೆ ಏರಿಸುತ್ತಿರಲಿಲ್ಲ.

ಮೂರನೆಯದು ನಡಿಗೆ. ಮಲಗಿಯೇ ಇದ್ದರೆ ಬೇಗ ಗುಣವಾಗುತ್ತದೆ ಎಂದು ಊರೆಲ್ಲ ನಂಬಿದೆ. ಅದು ತಪ್ಪು. ಮೊದಲು ಅಂಗಳದಲ್ಲಿ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ದಿನ ಕಳೆದಂತೆ ಒಂದೆರಡು ನಿಮಿಷ ಹೆಚ್ಚು. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ಸರಿಯಾದ ವೇಗ. ಮಾತು ತುಂಡಾಗುತ್ತಿದ್ದರೆ ನಿಲ್ಲಬೇಕು. ಕೂತಾಗ ನಾಳ ತೆಗೆದ ಕಾಲನ್ನು ಎತ್ತರದಲ್ಲಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಊದುತ್ತದೆ. ಒಂದು ತಿಂಗಳ ಮೇಲೆ ತಮ್ಮ ಅಪ್ಪನನ್ನು ಬೈಲಕುಪ್ಪೆಯ ನಮ್‌ಡ್ರೋಲಿಂಗ್ ವಿಹಾರದ ಬಳಿಗೆ ಕರೆದೊಯ್ದ. ಅಲ್ಲಿ ಟಿಬೆಟನ್ ಹಿರಿಯರು ಜಪಮಾಲೆ ಹಿಡಿದು ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಾರೆ. ಅಪ್ಪ ಅವರ ಹಿಂದೆ ಅವರ ವೇಗದಲ್ಲೇ ನಡೆದರು. ಭಾಷೆ ಬಾರದ ಒಬ್ಬ ಅಜ್ಜ ಅಪ್ಪನ ಎದೆಯ ಗಾಯದ ತುದಿ ಕಂಡು, ತಮ್ಮ ಅಂಗಿ ಸ್ವಲ್ಪ ಸರಿಸಿ ತಮ್ಮ ಎದೆಯಲ್ಲೂ ಇದ್ದ ಅಂಥದೇ ಗೆರೆ ತೋರಿಸಿದರಂತೆ. ಅವತ್ತು ಅಪ್ಪ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದರು.

ನಾಲ್ಕನೆಯದು ಊಟ. ನಮ್ಮ ಮನೆಯಲ್ಲಿ ಮುದ್ದೆ, ಬಸ್ಸಾರು, ಉಪ್ಪೆಸರು. ಯಾವುದನ್ನೂ ಬಿಡಬೇಕಾಗಿಲ್ಲ, ಉಪ್ಪು ಎಣ್ಣೆ ಇಳಿಸಬೇಕು ಅಷ್ಟೇ. ದಿನವೊಂದಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚೆಯೊಳಗೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ಆ ಲೆಕ್ಕದಲ್ಲೇ ಬರುತ್ತವೆ. ‘ಒಸಿ ಉಪ್ಪು ಹಾಕವ್ವ, ಬಾಯಿ ಸಪ್ಪೆ’ ಎಂದು ಅಪ್ಪ ಕೇಳುವಾಗ ಅವ್ವನ ಕರುಳು ಕಿತ್ತುಬರುತ್ತಿತ್ತು. ಆಪರೇಷನ್ ಆದ ಮೇಲೆ ಕೆಲವು ವಾರ ನಾಲಿಗೆಗೆ ರುಚಿಯೇ ಇರುವುದಿಲ್ಲ, ಅದು ತಾನಾಗಿ ಮರಳುತ್ತದೆ ಎಂದು ಸಿಸ್ಟರ್ ಹೇಳಿದ್ದರು. ಮನೆಮಂದಿಯೆಲ್ಲ ಅಪ್ಪನ ಸಾರನ್ನೇ ಉಂಡೆವು, ಒಬ್ಬರಿಗೆ ಬೇರೆ ಅಡುಗೆ ಮಾಡಲಿಲ್ಲ. ಮೊದಲ ದಿನ ಬಂದ ನಾಟಿಕೋಳಿ ಸಾರಿನ ಗೆಳೆಯರಿಗೂ ಮನಸ್ಸು ನೋಯದ ಹಾಗೆ ತಿಳಿಸಿಹೇಳಿದೆವು. ಮುಂದಿನ ಸಲ ಅವರು ಪಪಾಯಿ ತಂದರು.

ಐದನೆಯದು ಮಾತ್ರೆ. ಅವ್ವನಿಗೆ ಓದು ಬಾರದು. ಒಂದು ರಟ್ಟಿನ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು, ಪಕ್ಕದಲ್ಲಿ ಮಾತ್ರೆಯ ಖಾಲಿ ಹೊದಿಕೆಯನ್ನೇ ಅಂಟಿಸಿದೆ. ಹಳೆಯ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ, ಬೇಡವಾದದ್ದನ್ನು ಮನೆಯಿಂದಲೇ ತೆಗೆದೆವು. ಮೈ ಹಗುರಾಯಿತು ಎಂದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹೃದಯದ ಕವಾಟಕ್ಕೆ ಆಪರೇಷನ್ ಆಗಿ ಲೋಹದ ಕವಾಟ ಕೂರಿಸಿಕೊಂಡವರು ಇನ್ನೂ ಎಚ್ಚರವಾಗಿರಬೇಕು. ಅವರು ಜೀವನವಿಡೀ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಂಡು, ಹೇಳಿದ ದಿನಕ್ಕೆ ತಪ್ಪದೆ ರಕ್ತಪರೀಕ್ಷೆ ಮಾಡಿಸಬೇಕು.

ಆರನೆಯದು ಎಚ್ಚರಿಕೆಯ ಗುರುತುಗಳು. ಜ್ವರ, ಗಾಯದಲ್ಲಿ ಕೀವು ಅಥವಾ ಹೆಚ್ಚುತ್ತಿರುವ ಕೆಂಪು, ಹೊರಳುವಾಗ ಎದೆಮೂಳೆ ಕಟಕಟ ಅನ್ನುವುದು, ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲಿ ತೂಕ ಇದ್ದಕ್ಕಿದ್ದಂತೆ ಏರುವುದು, ಕಾಲು ಹೆಚ್ಚು ಊದುವುದು. ಇವು ಕಂಡರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಎದೆನೋವು, ಪ್ರಜ್ಞೆ ತಪ್ಪುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ತಕ್ಷಣ 108. ಗಾಯ ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಬೇಕು. ನೋಡಲು ಬರುವವರು ನಾಲ್ಕು ಮಾತಾಡಿ ಹೊರಡಬೇಕು, ಕೆಮ್ಮು ನೆಗಡಿ ಇದ್ದವರು ಫೋನಿನಲ್ಲೇ ವಿಚಾರಿಸಬೇಕು. ಈ ಒಂದು ಮಾತನ್ನು ಹಳ್ಳಿಯಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಚಿಕ್ಕಪ್ಪನೇ ಜಗಲಿಯಲ್ಲಿ ಕೂತು ಆ ಕೆಲಸ ವಹಿಸಿಕೊಂಡರು.

ಪುಸ್ತಕದಲ್ಲಿ ನಾವು ಬರೆಯದೇ ಹೋದ ಪ್ರಶ್ನೆಯೊಂದಿತ್ತು, ಅದು ಮನಸ್ಸಿನದು. ಐ.ಸಿ.ಯು.ನಲ್ಲಿ ಎರಡನೆಯ ರಾತ್ರಿ ಅಪ್ಪ, ‘ಬ್ಯಾರನ್‌ಗೆ ಬೆಂಕಿ ಬಿತ್ತು, ನೀರು ತನ್ನಿ’ ಎಂದು ಕೂಗಿದ್ದರು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಅಪ್ಪನ ತಲೆ ಕೆಟ್ಟಿತೇ ಎಂದು ನಾನು ಹೊರಗೆ ನಿಂತು ಅತ್ತೆ. ದೊಡ್ಡ ಆಪರೇಷನ್ ಆದ ಹಿರಿಯರಲ್ಲಿ ಕೆಲವರಿಗೆ ಹೀಗೆ ಒಂದೆರಡು ದಿನ ಭ್ರಮೆ ಕವಿಯುತ್ತದೆ, ಪರಿಚಯದ ಮುಖ, ಪರಿಚಯದ ದನಿ, ಅವರ ಕನ್ನಡಕ ಇವೇ ಅದಕ್ಕೆ ದೊಡ್ಡ ಮದ್ದು. ಮನೆಗೆ ಬಂದ ಮೇಲೆ ಇನ್ನೊಂದು ಬಗೆ. ಅಪ್ಪ ಕಾರಣವಿಲ್ಲದೆ ಅಳುತ್ತಿದ್ದರು. ಯಾರೋ ಬಂದು, ‘ಗಂಡಸಾಗಿ ಅಳ್ತಾರಾ’ ಎಂದರು. ನಾನು ಅವರಿಗೆ ಹೇಳಿದೆ: ಎದೆ ಸೀಳಿ ಹೃದಯ ಮುಟ್ಟಿ ಬಂದ ಜೀವ ಇದು, ಅಳಲಿ. ಮೊದಲ ಕೆಲವು ವಾರ ಈ ಕುಗ್ಗುವಿಕೆ ಸಹಜ. ವಾರಗಳು ಕಳೆದರೂ ಹೋಗದಿದ್ದರೆ, ನಿದ್ದೆ ಊಟ ಎರಡೂ ಬಿಟ್ಟರೆ, ಅದನ್ನೂ ವೈದ್ಯರಿಗೆ ಹೇಳಬೇಕು.

ಅಪ್ಪನಿಗೆ ದೊಡ್ಡ ಚಿಂತೆ ಸೊಪ್ಪಿನದು. ಆಗಸ್ಟ್ ನಮ್ಮಲ್ಲಿ ಸೊಪ್ಪು ಮುರಿದು ಬೇಯಿಸುವ ಕಾಲ. ತಮ್ಮ ರಾತ್ರಿಯಿಡೀ ಬ್ಯಾರನ್ ಮುಂದೆ, ನಾನು ಹಗಲು ಶಾಲೆ, ರಾತ್ರಿ ಅಪ್ಪನ ಹತ್ತಿರ. ‘ಇನ್ನೂ ಎಷ್ಟು ದಿನ ಹಿಂಗೆ ಕೂತಿರಾದು?’ ಎಂದು ಅಪ್ಪ ಸಿಡುಕಿದಾಗ ತಮ್ಮ ಮೆಲ್ಲಗೆ ಹೇಳಿದ: ‘ನೀನೇ ಹೇಳ್ಕೊಟ್ಟಿದ್ದಲ್ಲಪ್ಪ, ಮೊದ್ಲು ಎಲೆ ಹಣ್ಣಾಗ್ಬೇಕು, ಆಮೇಲೆ ಒಣಗ್ಬೇಕು, ದಂಟು ಒಣಗಾದು ಕೊನೆಗೆ. ಮೊದ್ಲೇ ದೊಡ್ಡುರಿ ಹಾಕಿದ್ರೆ ಸೊಪ್ಪೆಲ್ಲ ಸೀದೋಯ್ತದೆ ಅಂತ.’ ಅಪ್ಪ ಸುಮ್ಮನಾದರು. ಅಂದಿನಿಂದ ನಡಿಗೆಗೆ ಒಂದೆರಡು ನಿಮಿಷ ಸೇರಿಸುವಾಗಲೆಲ್ಲ, ‘ಇವತ್ತು ಒಂದು ಸೌದೆ ಜಾಸ್ತಿ’ ಎನ್ನುತ್ತಿದ್ದರು.

ಹೊಗೆಸೊಪ್ಪು ನಮಗೆ ಅನ್ನ ಕೊಟ್ಟಿದೆ, ನನ್ನನ್ನು ಓದಿಸಿದೆ. ಮೂವತ್ತೈದು ವರ್ಷ ಸೇದಿದ ಬೀಡಿ ಅಪ್ಪನ ಎದೆಯ ನಾಳ ಕಟ್ಟಿಸಿದ್ದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ನಮ್ಮ ಸೀಮೆಯ ಮನೆಗಳಿಗೆ ಸುಲಭವಲ್ಲ. ಆದರೆ ಆಪರೇಷನ್ ಆದ ಮನೆಯಲ್ಲಿ ಬೀಡಿ ಹಚ್ಚಬಾರದು. ರೋಗಿಯೂ ಹಚ್ಚಬಾರದು, ನೆಂಟರೂ ಹಚ್ಚಬಾರದು. ಇದರಲ್ಲಿ ರಾಜಿ ಇಲ್ಲ.

ಇನ್ನು ಆರೈಕೆ ಮಾಡುವವರ ಮಾತು. ಆರನೆಯ ವಾರ ಅವ್ವ ಹಿತ್ತಿಲಲ್ಲಿ ಬವಳಿ ಬಂದು ಬಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಅಪ್ಪನ ಸೂರ್ಯ ಚಂದ್ರ ನೋಡಿ ಮಾತ್ರೆ ಕೊಡುತ್ತಿದ್ದವಳು, ತನ್ನ ಮಾತ್ರೆ ಮರೆತಿದ್ದಳು, ಹೊತ್ತಿಗೆ ಉಣ್ಣುವುದನ್ನೂ ಮರೆತಿದ್ದಳು. ಆ ರಟ್ಟಿನಲ್ಲಿ ಅವಳಿಗೂ ಒಂದು ಸಾಲು ಬರೆಯಲು ನನಗೆ ಹೊಳೆದಿರಲಿಲ್ಲ. ಆಮೇಲೆ ಬರೆದೆ. ರಾತ್ರಿಗೆ ಪಾಳಿ ಮಾಡಿಕೊಂಡೆವು, ಚಿಕ್ಕಪ್ಪನೂ ಪಾಳಿಗೆ ಸೇರಿದರು. ಆರೈಕೆ ಹೆಂಗಸರ ಕೆಲಸ ಎಂದು ಬಿಟ್ಟುಬಿಟ್ಟರೆ ಮನೆಯಲ್ಲಿ ಇನ್ನೊಬ್ಬ ರೋಗಿ ಸಿದ್ಧಳಾಗುತ್ತಾಳೆ.

ಮೊದಲೆಲ್ಲ ಬೈಪಾಸ್ ಎಂದರೆ ಹೊಲ ಮಾರಬೇಕಿತ್ತು, ಬೆಂಗಳೂರಿಗೆ ಹೋಗಬೇಕಿತ್ತು. ಈಗ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಸಹಕಾರಿಗಳ ಆರೋಗ್ಯ ಯೋಜನೆ ಯಶಸ್ವಿನಿ 2003ರಲ್ಲಿ ಹುಟ್ಟಿ, ನಡುವೆ ನಿಂತು, 2022ರಲ್ಲಿ ಮರಳಿ ಬಂದಿದೆ. ಆಪರೇಷನ್ನಿಗೆ ಕಾರ್ಡು ಇದೆ. ಮನೆಗೆ ಬಂದ ಮೇಲಿನ ಆರು ವಾರದ ಆರೈಕೆಗೆ ಯಾವ ಕಾರ್ಡೂ ಇಲ್ಲ. ಅಲ್ಲಿ ಬೇಕಾಗುವುದು ಮನೆಯವರು, ಅದರಲ್ಲೂ ಕಲಿತ ಮನೆಯವರು. ಪ್ರತಿ ಆಸ್ಪತ್ರೆಯೂ ಬಿಡುಗಡೆಯ ಮುನ್ನ ಒಂದು ಗಂಟೆ ಕನ್ನಡದಲ್ಲಿ ಮನೆಯವರಿಗೆ ಪಾಠ ಹೇಳಲಿ, ಕನ್ನಡದಲ್ಲೇ ಒಂದು ಹಾಳೆ ಕೊಡಲಿ. ಇದಕ್ಕೆ ಹೊಸ ಯಂತ್ರ ಬೇಡ, ದೊಡ್ಡ ಹಣ ಬೇಡ.

ನಿಮ್ಮನ್ನು ನಾನು ಕೇಳುಗರೇ ಎಂದು ಕರೆದೆ. ನಮ್ಮ ಭಾಷೆಯಲ್ಲಿ ಕಿವಿಗೊಡುವುದಕ್ಕೂ ಕೇಳುವುದು ಎನ್ನುತ್ತೇವೆ, ಪ್ರಶ್ನೆ ಹಾಕುವುದಕ್ಕೂ ಕೇಳುವುದು ಎನ್ನುತ್ತೇವೆ. ಆಸ್ಪತ್ರೆಯಲ್ಲಿ ನಾವು ಮೊದಲನೆಯದನ್ನಷ್ಟೇ ಮಾಡಿ ಬರುತ್ತೇವೆ. ದಯವಿಟ್ಟು ಎರಡನೆಯದನ್ನೂ ಮಾಡಿ.

ಆ ಗೆರೆಪುಸ್ತಕ ಈಗ ನಮ್ಮ ಮನೆಯಲ್ಲಿಲ್ಲ. ಹೋದ ವರ್ಷ ನಮ್ಮ ಬೀದಿಯವರೇ ಒಬ್ಬರಿಗೆ ಬೈಪಾಸ್ ಆಗಬೇಕಾಗಿ ಬಂದಾಗ, ಅವರ ಮಗ ಅದನ್ನು ಕೇಳಿಕೊಂಡು ಬಂದ. ನಾನು ಪುಸ್ತಕ ಹುಡುಕುತ್ತಿರುವಾಗ ಅಪ್ಪ ಆ ಹುಡುಗನನ್ನು ಕರೆದು, ತಾನೇ ಚಾಪೆಯ ಮೇಲೆ ಮಲಗಿ, ‘ಎಲ್ಲಿ, ನನ್ನ ಎಬ್ಬಿಸು ನೋಡಾನ’ ಎಂದರು. ಹುಡುಗ ಓಡಿಬಂದು ರಟ್ಟೆಗೆ ಕೈ ಹಾಕಿದ. ಅಪ್ಪ ಆ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

‘ಅಲ್ಲಲ್ಲ ಮಗ, ಬೆನ್ನಿಗೆ ಕೈ ಕೊಡು.’